ತುಂಬುತೋಳು

ಮೂರು ವರ್ಷ ಹಿಡಿಯಿತು ಒಂದು ತೋಳಿಗೆ.
ಮೊದಲ ವರ್ಷ ಬರೀ ದುಡ್ಡು, ಹಿಟ್ಟಿನ ಡಬ್ಬಿಯ ತಳದಲ್ಲಿ
ಹತ್ತು ಯೂರೋ, ಇಪ್ಪತ್ತು ಯೂರೋ.
ಎರಡನೆಯ ವರ್ಷ ಬರೀ ಅನುಮಾನ.
ಐವತ್ತೆರಡಕ್ಕೆ ಇದೇನೇ ಹುಚ್ಚು, ಎಂದ ತಮ್ಮ ಯೆರ್ನೆಯ್,
ನೌಕಾಪಡೆಯಲ್ಲಿ ಯಾರೋ ಕುಡಿದು ಚುಚ್ಚಿದ ಸೊಟ್ಟ ಲಂಗರನ್ನು
ಹೆಗಲ ಮೇಲೆ ಇಟ್ಟುಕೊಂಡೇ.

ಕ್ರಾನ್ ಊರಿನ ಸೇತುವೆ ಪಕ್ಕ, ಮಹಡಿಯ ಮೇಲೆ,
ಹಚ್ಚೆ ಹಾಕುವ ಜಾರ್ಯಾಳ ಮುಂದೆ
ದುಪ್ಪಟಿಯ ಗಂಟು ಬಿಚ್ಚಿದೆ:
ನಾಲ್ಕು ಹಲಗೆ.
ನನ್ನ ಮುತ್ತಜ್ಜ ಗಾಶ್ಪರ್ ಅಗಸೆಯೆಣ್ಣೆಗೆ ಬಣ್ಣ ಕಲಸಿ
ಜೇನುಪೆಟ್ಟಿಗೆಗಳ ಹಣೆಗೆ ಬರೆದವು.
ಹುಳುಗಳಿಗೆ ಮನೆಯ ಗುರುತು ಸಿಗಲಿ ಅಂತ, ಎನ್ನುತ್ತಿದ್ದರು ಮನೆಯಲ್ಲಿ.
ಮುತ್ತಜ್ಜನಿಗೆ ಓದು ಬರುತ್ತಿರಲಿಲ್ಲ,
ಅವನಿಗೂ ಗುರುತು ಬೇಕಿತ್ತೇನೋ.

ಬೇಟೆಗಾರನ ಹೆಣ ಹೊತ್ತು ಹೊರಟ ಕಾಡುಪ್ರಾಣಿಗಳು;
ಮುಂದೆ ಕರಡಿ, ಕೊನೆಗೆ ಕಣ್ಣೊರೆಸಿಕೊಳ್ಳುವ ಮೊಲ
(ಹತ್ತಿರದಿಂದ ನೋಡು: ನಗು ತಡೆಯುತ್ತಿದೆ).
ಮುದುಕಿಯರನ್ನು ಮೇಲೆ ಸುರಿದರೆ
ಕೆಳಗೆ ಹುಡುಗಿಯರು ಉದುರುವ ಗಿರಣಿ.
ಬಸವನಹುಳುವಿಗೆ ಹೆದರಿ ಕತ್ತರಿ ಬಿಟ್ಟು ಓಡುವ ದರ್ಜಿ.
ಊರ ಹೆಂಗಸೊಬ್ಬಳ ನಾಲಗೆಯನ್ನು
ಸಾಣೆಗೆ ಹಿಡಿದ ಸೈತಾನ.

ಎಲ್ಲಿಗೆ ಯಾವುದು? ಜಾರ್ಯಾ ನೀಲಿ ಪೆನ್ನು ಹಿಡಿದು ಕಾದಳು.
ಗಿರಣಿ ಮೊಣಕೈಗೆ, ಮಡಿಸಿದಾಗಲೆಲ್ಲ ಚಕ್ರ ತಿರುಗಲಿ.
ಶವಯಾತ್ರೆ ಭುಜದ ಸುತ್ತ,
ಕರಡಿಯ ಮೂತಿ ಮೊಲದ ಬಾಲಕ್ಕೆ ತಾಗಲಿ,
ಅವರು ಸ್ಮಶಾನ ಮುಟ್ಟುವುದೇ ಬೇಡ.
ದರ್ಜಿ ಮುಂದೋಳಿನ ಮೇಲೆ ಓಡಲಿ, ಜಾಗ ಉದ್ದವಿದೆ.
ಸೈತಾನ ಮಣಿಕಟ್ಟಿಗೆ. ಶಾಲೆಯ ಅಡುಗೆಮನೆಯಲ್ಲಿ
ಇಪ್ಪತ್ತಾರು ವರ್ಷ ಬಾಯಿ ಮುಚ್ಚಿ ಸೌಟು ಹಿಡಿದ ಕೈ ಇದು,
ಇದರ ನಾಲಗೆಯೂ ಸ್ವಲ್ಪ ಹರಿತವಾಗಲಿ.

ಇಲ್ಲಿ ಮಸಿ ಸರಿಯಾಗಿ ಕೂರುವುದಿಲ್ಲ, ಎಂದಳು,
ಹಾಲಿನ ಹಂಡೆ ಉಕ್ಕಿ ಸುಟ್ಟ ಕಲೆಯ ಮೇಲೆ ಬೆರಳಿಟ್ಟು.
ಬಿಟ್ಟುಬಿಡು, ಅದು ಆಗಲೇ ಬರೆದಾಗಿದೆ.

ಆರು ಸಲ ಕೂತೆ.
ಜೇನು ಕಚ್ಚಿದ ಹಾಗಿರುತ್ತದೆ ಅಂದುಕೊಂಡಿದ್ದೆ.
ಜೇನು ಒಮ್ಮೆ ಕಚ್ಚಿ ಸಾಯುತ್ತದೆ,
ಸೂಜಿಗೆ ಆ ಮರ್ಯಾದೆಯಿಲ್ಲ.
ಮೂರನೆಯ ಸಲ, ಕಂಕುಳ ಹತ್ತಿರ ಬಂದಾಗ,
ಸೇತುವೆ ದಾಟುವ ಲಾರಿಗಳನ್ನು ಎಣಿಸಿದೆ.
ನಲವತ್ತೊಂದಕ್ಕೆ ಅಳು ಬಂತು.
ಜಾರ್ಯಾ ಯಂತ್ರ ನಿಲ್ಲಿಸಿ, ಏನೂ ಕೇಳದೆ,
ಒಂದು ಸೇಬು ಹೆಚ್ಚಿ ಕೊಟ್ಟಳು.

ಐದನೆಯ ಹಲಗೆಯೊಂದಿತ್ತು.
ಅಜ್ಜಿ ಅದನ್ನು ವಿಯೆನ್ನಾದವನೊಬ್ಬನಿಗೆ ಮಾರಿ
ಬಟ್ಟೆ ಒಗೆಯುವ ಯಂತ್ರ ತಂದಳು.
ಅದರಲ್ಲಿ ಬಾತುಕೋಳಿ ಮೇಯಿಸುವ ಹುಡುಗಿಯಿದ್ದಳು, ಎನ್ನುತ್ತಿದ್ದಳು ಅಮ್ಮ.
ಬಾತುಕೋಳಿಯೆಲ್ಲಿಂದ ಬಂತು, ಅದು ತೋಳ,
ಎನ್ನುತ್ತಿದ್ದಳು ದೊಡ್ಡಮ್ಮ ರೊಜಾಲಿಯಾ.
ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಜಗಳ.
ಒಂದು ವರ್ಷ ಮೇಜಿನಲ್ಲಿ
ಜಗಳಕ್ಕೆ ಒಬ್ಬಳೇ ಉಳಿದಳು.
ಬಾತುಕೋಳಿಯೂ ಇರಬಹುದು, ಎಂದಳು ದೊಡ್ಡಮ್ಮ,
ತಟ್ಟೆ ನೋಡುತ್ತ.

ಹಾಗಾಗಿ ಮೊಣಕೈಯ ಒಳಮಡಿಕೆಯಲ್ಲಿ,
ನರಗಳು ಹಸಿರಾಗಿ ಕಾಣುವಲ್ಲಿ,
ಹಳದಿ ಅಂಚಿನ ಒಂದು ಚೌಕಟ್ಟು ಮಾತ್ರ.
ಒಳಗೆ ನನ್ನ ಚರ್ಮ.
ಮುಂದೆ ಏನಾದರೂ ತುಂಬುತ್ತೀಯಾ, ಕೇಳಿದಳು ಜಾರ್ಯಾ.
ಗೊತ್ತಿಲ್ಲ ಎಂದೆ.

ಈಗ ತೋಳು ಮಡಿಸಿಯೇ ಸೂಪು ಬಡಿಸುತ್ತೇನೆ.
ಸಾಲಿನಲ್ಲಿ ನಿಂತ ಮಕ್ಕಳಿಗೆ ಸೈತಾನ ಹಳಬನಾದ,
ಗಿರಣಿ ತಿರುಗಿಸಿ ತೋರಿಸಿಯೂ ಆಯಿತು.
ಅವರ ಕಣ್ಣೆಲ್ಲ ಖಾಲಿ ಮನೆಯ ಮೇಲೆ.
ಅದು ಮಂಜಿನೊಳಗಿನ ಬೆಳ್ಳಿಕರಡಿ, ಎಂದ ಒಬ್ಬ.
ಇಲ್ಲ, ಅವರು ಸಾಮಾನು ಸಾಗಿಸಿ ಆಯಿತು, ಎಂದಳು
ಮುಂದಿನ ಹಲ್ಲೆರಡು ಬಿದ್ದ ಬ್ರೀನಾ.
ಇವತ್ತು, ಹುರುಳಿಕಾಯಿ ಸೂಪಿನ ದಿನ,
ಎಂದೂ ಬಾಯಿಬಿಡದ ವೀಟೊ ತಟ್ಟೆ ಚಾಚಿ,
ಬಹಳ ಹೊತ್ತು ನೋಡಿ,
ಮೆಲ್ಲಗೆ ಕೇಳಿದ:
ಅವರು ಊಟಕ್ಕೆ ಬರುತ್ತಾರಾ?

ಇನ್ನೊಂದು ಸೌಟು ಬಡಿಸಿದೆ.