ತೊಂಬತ್ತಾರರ ತನಕ

ಎಳ್ಳಮಾಸಿ ಮುಗೀತಂದ್ರ ನನಗ ಪುರುಸೊತ್ತಿಲ್ಲ.
ಕಪನೂರಿನ ಈ ಕಾಟಾದ ಮ್ಯಾಲ
ತೊಗರಿ ಲಾರಿ, ಒಂದರ ಬಾಲಕ್ಕ ಒಂದು.
ತುಂಬಿದ ತೂಕ, ಖಾಲಿ ತೂಕ, ಕಳದು ಉಳದದ್ದು.
ಹದಿನೇಳು ವರ್ಷ ನಾ ಓದಿದ್ದು ಇಷ್ಟೇ,
ಕೆಂಪು ಅಂಕಿ.

ಮೊದಲು ಕಾದಂಬರಿ ಓದ್ತಿದ್ದೆ ಅಂದ್ರ
ನನ್ನ ಮಗಳು ನಗ್ತಾಳ.
ಖರೇನ ಓದ್ತಿದ್ದೆ.
ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗಿ
ಅವ್ವ ಬೈದದ್ದು ನೆನಪದ,
ಯಾವ ಕಥಿ ಅಂತ ನೆನಪಿಲ್ಲ.

ಹೋದ ತಿಂಗಳು ಒಂದು ರದ್ದಿ ಟೆಂಪೊ ಬಂತು.
ಎರಡು ಸಾವಿರದ ಮುನ್ನೂರಾ ನಲವತ್ತು ಕಿಲೊ ಕಾಗದ.
ಚೀಟಿ ಹರದು ಕೊಟ್ಟೆ. ಗೇಟಿನ ಉಬ್ಬಿನ ಮ್ಯಾಲ
ಟೆಂಪೊ ಜಿಗಿದು, ಒಂದು ಪುಸ್ತಕ ಬಿತ್ತು.
ಒದರಿದೆ. ಅಂವ ತಿರುಗಿ ನೋಡಲಿಲ್ಲ.
ರಟ್ಟಿಲ್ಲ, ಹೆಸರಿಲ್ಲ, ಬರದವರು ಯಾರೋ ಗೊತ್ತಿಲ್ಲ,
ಐದನೇ ಪುಟದಿಂದ ಚಾಲೂ:
ಒಬ್ಬಾಕಿ ಬಾವಿ ಕಟ್ಟೀ ಮ್ಯಾಲ ಕುಂತು ಹಠ ಹಿಡದಾಳ,
ಯಾಕ ಅನ್ನೂದು ಹರದ ಪುಟದಾಗ ಹೋಗ್ಯದ.

ಚಾಷ್ಟಿಗೆ ಕಾಟಾದ ಮ್ಯಾಲ ಇಟ್ಟು ನೋಡಿದೆ.
ಸೊನ್ನಿ ತೋರಿಸ್ತು.
ಹತ್ತು ಕಿಲೊಕ್ಕಿಂತ ಕಡಿಮಿ ಇದ್ದದ್ದು
ಇದರ ಕಣ್ಣಿಗೆ ಬೀಳಂಗಿಲ್ಲ.

ಮೊದಲ ವಾರ ಬರೇ ಸೋಲು.
ಆರನೇ ಪುಟ. ಮತ್ತ ಆರನೇ ಪುಟ.
ಕಣ್ಣು ಸಾಲಿನ ಮ್ಯಾಲ ಹೊಂಟಿರ್ತದ,
ಮನಸು ಲಾರಿ ನಂಬರ್ ಓದ್ತಿರ್ತದ.
ಮೂರು ಸಾಲಿಗೊಮ್ಮೆ ಕೈ ತಾನೇ ಮೊಬೈಲಿಗೆ ಹೋಗ್ತದ,
ತುರಿಕಿ ಇದ್ದಲ್ಲಿಗೆ ಹೋದಂಗ.
ಯಾರೂ ಫೋನ್ ಮಾಡಿರಂಗಿಲ್ಲ.
ಸಿಟ್ಟಿಗೆದ್ದು ಅದನ್ನ ರೊಟ್ಟಿ ಡಬ್ಬಿಯೊಳಗ ಹಾಕಿ
ಮುಚ್ಚಳ ಬಿಗಿದೆ.
ಒಳಗ ಝುಂ ಅಂತು, ಜೀರುಂಡಿ ಸಿಕ್ಕಂಗ.

ಮನಿಗೆ ಒಯ್ದಿದ್ದೆ ಒಮ್ಮೆ.
"ಯಾವ ಪರೀಕ್ಷಾಕ್ಕ?" ಅಂದ್ರು ಮನಿಯವರು.
ತಿರುಗಿ ಚೀಲದಾಗ ಹಾಕ್ಕೊಂಡೆ.

ಆಮ್ಯಾಲ ಕಂಡದ್ದು: ಪುಟ ಪುಟದ ಕೆಳಗ
ಪೆನ್ಸಿಲಿನ ಸಣ್ಣ ಟಿಕ್ಕು.
ನನಕಿಂತ ಮೊದಲು ಯಾರೋ ಓದ್ಯಾರ,
ಓದಿದ್ದಕ್ಕ ಲೆಕ್ಕ ಇಟ್ಟಾರ.
ಗಂಡಸೋ, ಹೆಂಗಸೋ, ಸಾಲಿ ಹುಡುಗನೋ.
ಇಪ್ಪತ್ತೊಂದರಾಗ ಚಾದ ಕಪ್ಪಿನ ಗುಂಡನ ಕಲಿ.
ನಲವತ್ತರಾಗ ಕಾಗದ ಹರಿಯೂ ಹಂಗ ಒತ್ತಿ ಹಾಕ್ಯಾರ,
ಅಲ್ಲಿ ಆ ಹಠದಾಕಿಗೆ ಮೈದುನ ಕಪಾಳಕ್ಕ ಹೊಡೀತಾನ.
ನಾನೂ ಹಲ್ಲು ಕಚ್ಚಿದೆ.
ಅವತ್ತಿನಿಂದ ಇಬ್ಬರೂ ಕೂಡೇ ಓದೀವಿ,
ಅವರು ಒಂದು ಹೆಜ್ಜಿ ಮುಂದ, ನಾ ಹಿಂದ.

ತೊಂಬತ್ತಾರಕ್ಕ ಟಿಕ್ಕು ನಿಂತದ.
ತೊಂಬತ್ತೇಳರ ಕೆಳಗ ಬೆಳ್ಳಗ.
ಲೈಟ್ ಹೋಯ್ತೇನೊ, ಕೂಸು ಅತ್ತಿತೇನೊ,
ಊರು ಬಿಟ್ಟರೇನೊ, ಬ್ಯಾಸರಾತೇನೊ.
ಬಸ್ಸಿನಾಗ ಮಾತಾಡ್ಕೋತ ಬಂದವರು
ನಡುವಿನ ಸ್ಟಾಪಿಗೆ ಹೇಳದೇ ಇಳದು ಹೋದಂಗ ಆಗಿ
ಬಾಳ ಹೊತ್ತು ಅಲ್ಲೇ ಕುಂತೆ.
ಕಿವಿ ಹಿಂದಿನ ಪೆನ್ಸಿಲ್ ತಗದು
ತೊಂಬತ್ತೇಳಕ್ಕ ನಾನೇ ಟಿಕ್ಕು ಹಾಕಿದೆ.
ತೊಂಬತ್ತೆಂಟಕ್ಕ ಹಾಕಿದೆ.
ನೂರಾ ಒಂದಕ್ಕೂ.
ಮುಂದ ಎಲ್ಲಿ ಬಿಟ್ಟೆನೊ ನೆನಪಿಲ್ಲ.

ನಾಕು ಸಲ ಹಾರ್ನ್ ಹೊಡದ್ರಂತ.
ಆಳಂದದ ಲಾಡ್ಲೆಸಾಬ ಕಿಟಕಿಗೆ ಬಂದು
ಗಾಜು ಬಡದಾಗ ತಲಿ ಎತ್ತಿದೆ.
ಬಾವಿ ಕಟ್ಟಿಂದ ಎದ್ದು ಬರ್ಲಿಕ್ಕ ಹೊತ್ತು ಹಿಡೀತು.
"ಜಗದೇವಕ್ಕಾ, ಏನದ ಅದರಾಗ ಅಷ್ಟು?"
"ಗೊತ್ತಿಲ್ಲೋ, ಇನ್ನಾ ಮುಗದಿಲ್ಲ."
ಪುಸ್ತಕದ ಮ್ಯಾಲ ಕುಂತಿದ್ದ ತೊಗರಿ ಹೊಟ್ಟು ಉಫ್ ಅಂತ ಊದಿ
ಅಂವ ಚೀಟಿ ತಗೊಂಡು ಹೋದ.

ಸಂಜಿಗೆ ಸೇಠ ಕರದು,
ಒಂದು ಲಾರಿಯ ಖಾಲಿ ತೂಕ ಬರದೇ ಇಲ್ಲ ಅಂದ.
ರಜಿಸ್ಟರ್ ತಗದು ನೋಡಿದೆ. ಖರೇ, ಬರದಿದ್ದಿಲ್ಲ.
ಆ ಜಾಗದಾಗ
ಒಂದು ಟಿಕ್ಕು ಇತ್ತು.