ಒಂದು ಮೊಣಕೈ

ಅಣು ಕಟ್ಟುವುದು ನನಗೆ ಬಾರದು.
ನನ್ನದು ನೆಲಮಾಳಿಗೆಯ ಕೆಲಸ. ಲೇಸರಿನ ಎದುರು ಪುಡಿ ಇಡುವುದು,
ಬೆಳಕಿನ ಬಾಯಿಂದ ಪ್ರಶ್ನೆ ಕೇಳಿಸುವುದು,
ಉತ್ತರ ಬಂದರೆ ಬರೆದುಕೊಳ್ಳುವುದು.
ಮೂವತ್ತೊಂದು ವರ್ಷದಲ್ಲಿ ಹೆಚ್ಚಿನವು
ಮಾತಾಡಿಲ್ಲ.

ಬೊಗ್ನಾ ಬಂದದ್ದು ಜನವರಿಯಲ್ಲಿ,
ಓಡ್ರಾ ನದಿ ಅಂಚಿನಿಂದ ಹೆಪ್ಪುಗಟ್ಟುತ್ತಿದ್ದಾಗ.
ಕೈಯಲ್ಲಿ ಕಿರುಬೆರಳಿನಷ್ಟು ಸೀಸೆ, ಒಳಗೆ
ದ್ರಾಕ್ಷಾರಸದಂಥ ಕೆಂಪು ಹರಳು.
ಇಷ್ಟು ಚೆಲುವಾದದ್ದು ಕೈಕೊಟ್ಟೀತೇ, ಎಂದುಕೊಂಡೆ.

ಟ್ರಾಮ್ ಟಿಕೆಟ್ಟಿನ ಬೆನ್ನ ಮೇಲೆ ಗೀಚಿ ತೋರಿಸಿದಳು:
"ಈ ದಡದಲ್ಲಿ ಕೈ ಸಡಿಲದ ಸಾರಜನಕ, ಕೊಡುತ್ತಲೇ ಇರುತ್ತದೆ;
ಆ ದಡದಲ್ಲಿ ನೈಟ್ರೋ, ಎಷ್ಟು ಉಂಡರೂ ಇಂಗದ ಹಸಿವು.
ನಡುವೆ ಸೇತುವೆ. ಒಂಟಿ ಬಂಧ, ಜೋಡಿ ಬಂಧ, ಒಂಟಿ, ಜೋಡಿ.
ಅದರ ಮೇಲಿನ ಎಲೆಕ್ಟ್ರಾನು ಯಾರ ಮನೆಯದೂ ಅಲ್ಲ.
ಬೆಳಕು ತಳ್ಳಿದರೆ ಅತ್ತ ಓಡುವುದು ಸಲೀಸು,
ಇತ್ತ ಮರಳುವುದು ಪ್ರಯಾಸ. ಆ ಓರೆಯೇ,
ಪಾನ್ ಸೆವೆರಿನ್, ನಮಗೆ ಬೇಕಾದದ್ದು."

ನೂರಕ್ಕೂ ಮಿಕ್ಕಿ ಸೇತುವೆಗಳ ವ್ರೊತ್ಸ್ವಾಫಿನವನು ನಾನು,
ಇಷ್ಟು ತಿಳಿಯದೇ? ಬೆಳಿಗ್ಗೆ ತುಂಬಿ ತುಳುಕುತ್ತ ಬಂದ ಟ್ರಾಮು
ಅದೇ ಸೇತುವೆಯ ಮೇಲೆ ಬರಿದಾಗಿ ಮರಳುತ್ತದೆ.

ದೀಪ ಆರಿಸಿದೆವು. ಕಣ್ಣಿಗೆ ಕಾಣದ ಬೆಳಕು,
ಸಾವಿರದ ಅರವತ್ತನಾಲ್ಕು ನ್ಯಾನೋಮೀಟರ್, ಹರಳಿಗೆ ಬಡಿಯಿತು.
ಎರಡು ಕುರುಡು ಕಣ ಕೂಡಿ
ಒಂದು ಹಸಿರು ಕಣವಾಗಿ ಹೊರಬರಬೇಕು.
ಬರಲಿಲ್ಲ.
ಪಂಪು ಗೊರಗುಟ್ಟುತ್ತಿತ್ತು, ಅಷ್ಟೆ.

ಎಕ್ಸ್-ರೇ ಲೆಕ್ಕ ಮುಗಿಯಲು ಒಂದು ವಾರ ಹಿಡಿಯಿತು.
ಅಣುಗಳೆಲ್ಲ ಜೋಡಿಜೋಡಿಯಾಗಿ ಮಲಗಿದ್ದವು,
ಒಂದರ ತಲೆಯ ಕಡೆ ಇನ್ನೊಂದರ ಕಾಲು.
ಇದು ಬಲಕ್ಕೆ ಎಳೆದಷ್ಟೇ ಅದು ಎಡಕ್ಕೆ.
ಕೂಡಿಸಿದರೆ ಸೊನ್ನೆ.
ಅವಳು ಬಹಳ ಹೊತ್ತು ನೋಡಿ, ಆಮೇಲೆ ನಕ್ಕಳು.
"ನಾನೂ ಕಿಂಗಾಳೂ ಹೀಗೇ ಮಲಗುತ್ತಿದ್ದೆವು. ಒಂದೇ ಮಂಚ,
ಅವಳ ಅಂಗಾಲು ನನ್ನ ಕೆನ್ನೆಗೆ. ಬೆಚ್ಚಗಿರುತ್ತಿತ್ತು."

ಆ ಬೆಚ್ಚಗೇ ತೊಡಕು. ಒಂಟಿ ಅಣು ಎಷ್ಟೇ ಓರೆಯಿರಲಿ,
ಜೊತೆ ಸಿಕ್ಕೊಡನೆ ತನ್ನ ಓರೆಯನ್ನು ಬಿಟ್ಟುಕೊಡುತ್ತದೆ.

ಫೆಬ್ರವರಿಯಿಡೀ ಮೇಲಿನಿಂದ ಸೀಸೆಗಳು ಇಳಿದವು.
ಸೇತುವೆ ಉದ್ದ ಮಾಡಿದಳು:
ಹುಟ್ಟಿದ ಹಸಿರನ್ನೆಲ್ಲ ಹರಳು ತಾನೇ ಕುಡಿದುಬಿಟ್ಟಿತು.
ನಡುವೆ ದಪ್ಪ ಗುಂಪೊಂದನ್ನು ತುರುಕಿದಳು:
ಸೇತುವೆ ಹಗ್ಗದಂತೆ ತಿರುಚಿಕೊಂಡು
ಎಲೆಕ್ಟ್ರಾನು ಅರ್ಧ ದಾರಿಯಲ್ಲೇ ನಿಂತಿತು.
ಅನುದಾನ ಏಪ್ರಿಲ್‌ವರೆಗೆ ಮಾತ್ರ ಎಂದು ಕಾಗದ ಬಂತು.
ಅದನ್ನು ನಾಲ್ಕು ಮಡಿಕೆ ಮಾಡಿ
ಅಲುಗುವ ಮೇಜಿನ ಕಾಲಡಿಗೆ ಇಟ್ಟಳು.

ಮಾರ್ಚ್ ಕೊನೆಗೆ ತಂದದ್ದು ಹಳದಿ ಪುಡಿ,
ಹಳೇ ಸಾಸಿವೆ ಹಿಟ್ಟಿನ ಬಣ್ಣ. ನೋಡಲು ಏನೇನೂ ಅಲ್ಲ.
"ಸೇತುವೆಯ ಒಂದು ಕಮಾನು ಕಿತ್ತೆ,
ಪಕ್ಕಕ್ಕೊಂದು ಮೀಥೈಲ್ ಹಚ್ಚಿದೆ."
ಮೀಥೈಲ್ ಏನು ಮಾಡುತ್ತದೆ? ಎಂದೆ.
"ಏನೂ ಇಲ್ಲ. ಕೊಡುವುದೂ ಅಷ್ಟಕ್ಕಷ್ಟೇ, ಪಡೆಯುವುದಂತೂ ಇಲ್ಲ.
ಪಕ್ಕದಲ್ಲಿ ಮಲಗಲು ಬಂದವರಿಗೆ
ಮೊಣಕೈ ತಿವಿಯುತ್ತದೆ."

ದೀಪ ಆರಿಸಿದೆ.
ಮೊದಲು ಕತ್ತಲೆ. ಆಮೇಲೆ ಪುಡಿಯ ನಟ್ಟನಡುವೆ
ಎಳೆ ಬಟಾಣಿಯಂಥ ಒಂದು ಚುಕ್ಕೆ, ಹಸಿರು,
ಅವಳ ಬಿಳಿ ಕೋಟಿನ ಗುಂಡಿಗೂ ಹತ್ತಿತ್ತು.

ಅವಳು ಕೂಗಲಿಲ್ಲ, ಕುಣಿಯಲಿಲ್ಲ.
ಕಿಂಗಾಗೆ ಫೋನು ಹಚ್ಚಿ, ಅತ್ತಲಿಂದ ದನಿ ಬಂದಮೇಲೆ
ಹೇಳಲು ಏನೂ ತೋಚದೆ,
"ಊಟ ಆಯ್ತಾ?" ಎಂದಳು.

ಯೂರಿಯಾಕ್ಕಿಂತ ಎಷ್ಟು ಪಟ್ಟು, ಎಂದು ನಾನು ಬರೆಯಬೇಕಿತ್ತು.
ಪೆನ್ಸಿಲಿಗಾಗಿ ಕತ್ತಲಲ್ಲಿ
ಮೇಜೆಲ್ಲ ತಡಕಾಡಿದೆ.
ಅದು ನನ್ನ ಕಿವಿಯ ಮೇಲೇ ಇತ್ತು.