ಹದಿನೇಳು, ಹದಿನೆಂಟು

ಸೇಡಂ ರಸ್ತೆ, ಯುನಿವರ್ಸಿಟಿ ಗೇಟಿನ ಎದುರು
ನಂದೊಂದು ಅಂಗಡಿ: ಟೈಪಿಂಗ್, ಝೆರಾಕ್ಸ್, ಬೈಂಡಿಂಗ್.
ಹೊರಗ ನಲವತ್ತಮೂರು ಡಿಗ್ರಿ,
ಒಳಗ ಕೂಲರು, ನಾನು,
ಮತ್ತ ಪಿಎಚ್.ಡಿ. ಮುಗಸಬೇಕಂದವರ ಸಾಲು.

ಹೆಸರು ಮಹಜಬೀನ್. ಎಲ್ಲಾರೂ ಮಾಜಬೀ ಅಂತಾರ.
ಹನ್ನೊಂದು ವರ್ಷದಾಗ
ನೂರಾ ಎಪ್ಪತ್ತು ಮಂದಿನ್ನ ಡಾಕ್ಟರ್ ಮಾಡೀನಿ,
ನನ್ನ ಓದು ಪಿಯುಸಿಗಿ ನಿಂತದ.

ಸುಳ್ಳ್ಯಾಕ ಹೇಳ್ಲಿ, ನನ್ನ ಕೈನೂ ಸ್ವಚ್ಛ ಇಲ್ಲ.
ಕಂಪ್ಯೂಟರು "ಕದ್ದದ್ದು ಮೂವತ್ತೆಂಟು ಪರ್ಸೆಂಟ್" ಅಂದ್ರ
ಒಂಬತ್ತಕ್ಕ ಇಳಿಸಿ ಕೊಟ್ಟೀನಿ,
ಹತ್ತು ಪರ್ಸೆಂಟಿಗಿ ಇನ್ನೂರು ರೂಪಾಯಿ.
ನೀರು ಇದ್ದಲ್ಲಿ ಜಲ,
ಬಾವಿ ಇದ್ದಲ್ಲಿ ಕೂಪ,
ಹೆಣ್ಮಕ್ಕಳು ಇದ್ದಲ್ಲಿ ಮಹಿಳಾ ಸಮುದಾಯ.
ಊರ ಮಂದಿ ತಾವೇ ಕುಂತು ಓದಿದ್ರೂ
ತಮ್ಮ ಊರು ಗುರ್ತ ಹಿಡೀತಿದ್ದಿಲ್ಲ.
ಉಪಕಾರ ಸ್ಮರಣೆ ಅಂತೂ ಎಲ್ಲಾರಿಗೂ ಒಂದೇ ಪುಟ,
ಗುರುಗಳ ಹೆಸರಷ್ಟೇ ಬದ್ಲಿ ಮಾಡೋದು.
ಒಮ್ಮೆ ಮರೆತು, ಲಗ್ನ ಆಗದ ಹುಡುಗನ ಪುಸ್ತಕದಾಗ
"ನನ್ನ ಪತ್ನಿಯ ತ್ಯಾಗ" ಉಳದಿತ್ತು.

ಚಂದಮ್ಮ ಬಂದದ್ದು ಆರು ವರ್ಷದ ಹಿಂದ,
ಗುರುಮಠಕಲ್ ಬಸ್ಸಿಗಿ.
ಚೀಲದಾಗ ಎರಡು ನೋಟ್‌ಬುಕ್ಕು,
ಹಾಳಿ ಮ್ಯಾಲ ನೀರಿನ ಕಲೆ.
ಯಾದಗಿರಿ ಜಿಲ್ಲಾದಾಗ ಅರವತ್ತಮೂರು ಊರು,
ಬಾವಿ, ಬೋರು ಎಲ್ಲಾ ನಡದು ನೋಡ್ಯಾಳ.
ಪ್ರತಿ ನೀರಿಗೂ ಒಂದು ಶೀಶೆ, ಪ್ರತಿ ಶೀಶೆಗೂ ಒಂದು ಅಂಕಿ,
ಅಂಕಿ ಪಕ್ಕ ಆ ನೀರು ಕುಡದ ಮಕ್ಕಳ ಹಲ್ಲು.
"ಅಕ್ಕಾ, ಕೂಪ ಅಂತ ಮಾಡಬ್ಯಾಡ್ರಿ, ಬಾವಿನೇ ಇರ್ಲಿ" ಅಂದ್ಳು.
ಹಂಗಂದಾಕಿ ಇಲ್ಲೀತನಕ ಆಕಿ ಒಬ್ಬಾಕಿನೇ.

ಹದಿನೇಳನೇ ಸಾಲು ಹೊಡಿಯೋವಾಗ ಕರೆಂಟ್ ಹೋತು.
ಬಂದ ಮ್ಯಾಲ ಅದೇ ಸಾಲು ಮತ್ತ ಹೊಡದೆ.
ಹದಿನೇಳು, ಹದಿನೆಂಟು:
ಅದೇ ಊರು, ಅದೇ ಅಂಕಿ,
ಒಂದೇ ಬಾವಿ ನಾನು ಎರಡು ಸಲ ತೋಡಿಟ್ಟೆ.
ಮತ್ತ ಕೆಳಗ, "ಹಲ್ಲಿನ ಕಂದು" ಅಂತ ಆಕಿ ಬರದಲ್ಲಿ
"ಹಲ್ಲಿನ ಕುಂದು" ಅಂತ ನನ್ನ ಬೆರಳು.
ಬೈಂಡಿಂಗ್ ಆದ ಮ್ಯಾಲ ಕಂಡ್ತು. ಇಬ್ರೂ ನಕ್ಕಿವಿ.
"ಇರ್ಲಿ ಬಿಡ್ರಿ, ಕುಂದೂ ಖರೇನೇ" ಅಂದ್ಳು.

ಹೋದ ಸೋಮವಾರ ಹಾಗರಗಿ ಸರ್ ಬಂದ್ರು,
ಆಕಿಗಿ ಗೈಡ್ ಆಗಿದ್ದವರು.
"ಪತ್ರಿಕೆಯವರು ಒಪ್ಯಾರ, ಕಡೀ ಪ್ರೂಫು.
ಪ್ರಮೋಷನ್ನಿಗಿ ಬೇಕು. ತಪ್ಪಿದ್ರ ತಿದ್ದಿಬಿಡಮ್ಮ."
ಲೇಖಕರು: ಒಬ್ಬರೇ.
ಪುಟ ಮೂರು. ಕೋಷ್ಟಕ.
ಹದಿನೇಳು.
ಹದಿನೆಂಟು.
ನನ್ನ ಬಾವಿ ಎರಡೂ ಅಲ್ಲೇ ಕುಂತಾವ.
ಕೆಳಗ, ಹಲ್ಲಿನ ಕುಂದು.

ಅಬ್ಬಾ ಕಾತಿಬ್ ಇದ್ರು, ಉರ್ದು ಲಗ್ನಪತ್ರ ಬರೀತಿದ್ರು.
ಕಡೀ ಸಾಲಿನ ಕೆಳಗ, ಇರುವಿ ಹಂಗ, ತಮ್ಮ ಹೆಸರು.
ಮದಿಮಕ್ಕಳ ಕಣ್ಣಿಗಿ ಬೀಳ್ತಿದ್ದಿಲ್ಲ.
ನನಗ ಅಷ್ಟು ಜಾಗ ಯಾರು ಕೊಡ್ತಾರ?
ಆದ್ರ ಈ ಪುಟದಾಗ
ಚಂದಮ್ಮನ ಕಾಲು ಅವ, ಅರವತ್ತಮೂರು ಊರಿನ ಧೂಳಿಂದು.
ನನ್ನ ಬೆರಳು ಅವ, ಎರಡು ಕಡಿ.
ಸರ್‌ದು ಏನದ ಅಂತ ಹುಡಕಿದೆ.
ಹೆಸರು ಅದ.

ತಪ್ಪು ಕಂಡು ಬಿಟ್ಟಾಕಿ ಅಲ್ಲ ನಾನು.
ಡಿಲೀಟ್ ಮ್ಯಾಲ ಹೋಗಿ ಬೆರಳು ನಿಂತ್ತು.
ಕೂಲರಿನಾಗ ನೀರು ಮುಗದು ಬರೇ ಬಿಸಿಗಾಳಿ.
"ಆತೇನಮ್ಮ?"
"ಆತ್ರಿ ಸರ್."
"ತಪ್ಪೇನರ ಇತ್ತ?"
"ಇದ್ದದ್ದು ಇದ್ದಂಗೇ ಅದರಿ."
ಇಪ್ಪತ್ತು ರೂಪಾಯಿ ಚಿಲ್ಲರ ಬಿಟ್ಟು ಹೋದ್ರು.

ಸಂಜಿಗಿ ಚಂದಮ್ಮಗ ಫೋನ್ ಹಚ್ಚಿದೆ.
ಶಹಾಪುರದಾಗ ಗೆಸ್ಟ್ ಲೆಕ್ಚರರ್,
ವರ್ಷಕ್ಕೊಮ್ಮೆ ನೌಕರಿ ಹೋಗಿ ಬರ್ತದ.
ಹಳೀ ಫೈಲು ನನ್ನ ಬಲ್ಲಿ ಅದ, ತಾರೀಖು ಸಮೇತ, ಅಂದೆ.
ಭಾಳ ಹೊತ್ತು ಸುಮ್ಮನಿದ್ಳು.
ಹಿಂದ ಎಲ್ಲೋ ಕೊಡ ತುಂಬೋ ಸಪ್ಪಳ.
ಆಮ್ಯಾಲ ಕೇಳಿದ್ದು ಒಂದೇ:
"ಅಕ್ಕಾ, ಬಾವಿ ಅಂತ ಅದನೋ, ಕೂಪ ಅಂತನೋ?"

"ಬಾವಿ" ಅಂದೆ. "ಎರಡು ಸಲ."